ಚೀಟಿ ಅಂಟಿಸುವ ಮೊದಲು

ತೊಗರಿ ರಾಶಿ ಮುಗಿದ ದಿನಗಳು. ಒಂದು ಭಾನುವಾರ ಬೆಳಿಗ್ಗೆ ಜೇವರ್ಗಿ ಕಡೆಯ ಹಳ್ಳಿಯೊಂದರಿಂದ ರೈತರೊಬ್ಬರು ನಮ್ಮ ಮನೆಗೆ ಬಂದರು. ಅವರ ಮಗ ಹೈಸ್ಕೂಲಿನಲ್ಲಿ ನನ್ನ ಕೈಯಲ್ಲಿ ವಿಜ್ಞಾನ ಕಲಿತವನು. ಈಗ ಡಿಗ್ರಿ ಎರಡನೆಯ ವರ್ಷ. ಚಹಾ ಕೊಟ್ಟರೂ ಕುಡಿಯಲಿಲ್ಲ. ಚೀಲದಿಂದ ಇನ್ನೂರು ಪುಟದ ನೋಟ್‌ಬುಕ್ಕೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

"ಸರ, ಇದು ನಮ್ಮ ಹುಡುಗ ಬರದಿದ್ದು. ಇದೇನು ರೋಗ ಏನ್ರಿ? ಡಾಕ್ಟರಿಗೆ ತೋರಸಬೇಕೋ, ಸ್ವಾಮಿಗಳಿಗೆ ತೋರಸಬೇಕೋ, ಹೇಳ್ರಿ."

"ನೀವು ಓದೀರೇನು?" ಎಂದೆ.

"ನಾಕು ಸಾಲು ಓದಿ ಮುಚ್ಚೀನ್ರಿ."

ಅವರಿಗೆ ಒಂದು ವಾರದ ಗಡುವು ಕೇಳಿಕೊಂಡೆ. ಅಂದು ರಾತ್ರಿ ಕೂತು ಮೊದಲಿನಿಂದ ಕೊನೆಯವರೆಗೆ ಓದಿದೆ. ಅದೊಂದು ಪ್ರೇಮಕಥೆ. ಅಫಜಲಪುರದ ಒಬ್ಬ ಲಾರಿ ಡ್ರೈವರ್. ಆಳಂದ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಗಂಡುಮಗುವೆಂದು ಹುಟ್ಟಿ, ಈಗ ಸೀರೆ ಉಟ್ಟು, ಗಾಜಿನ ಬಳೆ ತೊಟ್ಟು, ಮದುವೆ ಮನೆಗಳಲ್ಲಿ ಅಡುಗೆ ಮಾಡುವ ಇನ್ನೊಂದು ಜೀವ. ಇಬ್ಬರೂ ಮೂವತ್ತರ ಆಸುಪಾಸಿನವರು. ದತ್ತ ಜಯಂತಿಗೆ ದೇವಲ ಗಾಣಗಾಪುರಕ್ಕೆ ಬಂದಾಗ, ಭೀಮಾ ಮತ್ತು ಅಮರ್ಜಾ ನದಿಗಳು ಕೂಡುವ ಸಂಗಮದಲ್ಲಿ ಅವರ ಭೇಟಿ. ಕಥೆಯಲ್ಲಿ ಅಶ್ಲೀಲವೆನ್ನುವಂಥ ಒಂದು ಸಾಲೂ ಇರಲಿಲ್ಲ. ಒಬ್ಬರು ಇನ್ನೊಬ್ಬರಿಗಾಗಿ ಜೋಳದ ರೊಟ್ಟಿ ಕಟ್ಟಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ಕಾಯುವ ನಾಲ್ಕು ಪುಟಗಳಂತೂ ನನ್ನ ಕಣ್ಣು ತೇವ ಮಾಡಿದವು. (ಆ ಹುಡುಗನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ; ಅವನ ಗುರುತು ಹತ್ತುವ ಸಂಗತಿಗಳನ್ನು ಬದಲಿಸಿದ್ದೇನೆ.)

ಪ್ರಿಯ ಓದುಗರೇ, ಈ ಅಂಕಣದಲ್ಲಿ ಗ್ರಹಣ, ಜೇನುಹುಳು, ಪರೀಕ್ಷೆಯ ಭಯ ಎಂದು ಬರೆಯುತ್ತ ಬಂದವನು ನಾನು. ಪ್ರೇಮಕಥೆಯ ವಿಮರ್ಶೆ ನನ್ನ ಕ್ಷೇತ್ರವಲ್ಲ. ಆದರೂ ಆ ನೋಟ್‌ಬುಕ್ಕಿನಲ್ಲಿ ಒಬ್ಬ ವಿಜ್ಞಾನ ಮಾಸ್ತರ ಹೇಳಬಹುದಾದ ಒಂದು ಮಾತಿತ್ತು.

ಕಥೆಯ ಹೆಸರು "ಇಬ್ಬರು ಗಂಡಸರ ಒಂದು ಪ್ರೇಮಕಥೆ". ಮೊದಲ ಪುಟಗಳಲ್ಲಿ ಆ ಅಡುಗೆಯ ಪಾತ್ರವನ್ನು ಹುಡುಗ "ಅವನು" ಎಂದೇ ಬರೆದಿದ್ದ. "ಅವನು ಸೀರೆಯ ಸೆರಗು ಸರಿಮಾಡಿಕೊಂಡನು." ಇಪ್ಪತ್ತು ಪುಟ ದಾಟುವಷ್ಟರಲ್ಲಿ, ತನಗೆ ತಿಳಿಯದೆಯೇ, "ಅವಳು ನಕ್ಕಳು" ಎಂದು ಬಿಟ್ಟಿದ್ದ. ಮುಂದೆ ಕೆಲವು ಕಡೆ "ಳು" ಹೊಡೆದುಹಾಕಿ "ನು" ಮಾಡಿದ್ದ. ಕೊನೆಕೊನೆಗೆ ತಿದ್ದುವುದನ್ನೂ ಬಿಟ್ಟಿದ್ದ. ಪಾತ್ರ ತಾನು ಯಾರೆಂಬುದನ್ನು ಹೇಳುತ್ತಿತ್ತು. ತಲೆಬರಹ ಬೇರೆಯದನ್ನು ಹೇಳುತ್ತಿತ್ತು.

ಇಲ್ಲಿ ನಮ್ಮ ಭಾಷೆಯ ಒಂದು ಗುಣ ಗಮನಿಸಿ. ಕನ್ನಡದಲ್ಲಿ "ನಾನು ಬಂದೆ" ಎಂದರೆ ಹೇಳಿದವರು ಹೆಣ್ಣೋ ಗಂಡೋ ಗೊತ್ತಾಗುವುದಿಲ್ಲ. ಆಳಂದದ ಆಚೆ ಗಡಿ ದಾಟಿದರೆ ಮರಾಠಿಯಲ್ಲಿ ಗಂಡಸು "ಮೀ ಆಲೋ" ಎನ್ನುತ್ತಾನೆ, ಹೆಂಗಸು "ಮೀ ಆಲೇ" ಎನ್ನುತ್ತಾಳೆ. ಕನ್ನಡದ "ನಾನು" ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ಆದರೆ ಇನ್ನೊಬ್ಬರ ಬಗ್ಗೆ ಹೇಳುವಾಗ "ಬಂದನು" ಅಥವಾ "ಬಂದಳು" ಎನ್ನಲೇಬೇಕು. ಅಂದರೆ ಕನ್ನಡದಲ್ಲಿ ಕಥೆ ಬರೆಯುವವನು ಪ್ರತಿ ವಾಕ್ಯದ ತುದಿಯಲ್ಲೂ ಒಂದು ತೀರ್ಪು ಕೊಡುತ್ತಿರುತ್ತಾನೆ. ತೀರ್ಪು ಕೊಡುವ ಮೊದಲು ಯಾರನ್ನು ಕೇಳಬೇಕು? ಆ ಪಾತ್ರವನ್ನೇ ಕೇಳಬೇಕು. ತನ್ನನ್ನು ತಾನು ಹೆಣ್ಣೆಂದು ಬಲ್ಲ ಒಬ್ಬಳು ಒಬ್ಬ ಗಂಡಸನ್ನು ಪ್ರೀತಿಸಿದರೆ ಅದು ಹೆಣ್ಣು-ಗಂಡಿನ ಪ್ರೇಮಕಥೆ. ತನ್ನನ್ನು ತಾನು ಗಂಡೆಂದೇ ಬಲ್ಲ ಒಬ್ಬನು ಗಂಡಸನ್ನು ಪ್ರೀತಿಸಿದರೆ ಅದು ಸಲಿಂಗ ಪ್ರೇಮದ ಕಥೆ. ಎರಡೂ ಗೌರವದ ಕಥೆಗಳೇ. ಆದರೆ ಎರಡೂ ಒಂದೇ ಅಲ್ಲ. ಹೊರಗಿನಿಂದ ನೋಡುವವರಿಗೆ ಮಾತ್ರ ಒಂದೇ ಎನಿಸುತ್ತದೆ.

ಪ್ರಯೋಗಶಾಲೆಯಲ್ಲಿ ನಾನು ಮಕ್ಕಳಿಗೆ ಮೊದಲ ದಿನ ಹೇಳುವ ಪಾಠ ಇದೇ. ಎರಡು ಶೀಶೆಗಳಲ್ಲಿ ಬಣ್ಣವಿಲ್ಲದ ದ್ರವವಿದ್ದರೆ ಎರಡಕ್ಕೂ "ನೀರು" ಎಂದು ಚೀಟಿ ಅಂಟಿಸಬೇಡಿ. ಒಂದು ಆಮ್ಲವಾಗಿರಬಹುದು. ಮೊದಲು ಪರೀಕ್ಷಿಸಿ, ಆಮೇಲೆ ಚೀಟಿ.

ಶರೀರದ ಲಿಂಗ ಒಂದು. ಗರ್ಭದ ಮೊದಲ ಆರೇಳು ವಾರ ಎಲ್ಲ ಭ್ರೂಣಗಳ ಜನನಾಂಗದ ಮೂಲ ರಚನೆ ಒಂದೇ ತೆರನಾಗಿರುತ್ತದೆ. ಆಮೇಲೆ ವೈ ವರ್ಣತಂತುವಿನ ಎಸ್‌ಆರ್‌ವೈ ಎಂಬ ವಂಶವಾಹಿ ಕೆಲಸ ಮಾಡಿದರೆ ವೃಷಣಗಳು ಬೆಳೆಯತೊಡಗುತ್ತವೆ. ಈ ವಂಶವಾಹಿಯನ್ನು ಗುರುತಿಸಿದ್ದು 1990ರಲ್ಲಿ. ಎರಡನೆಯದು, ತಾನು ಹೆಣ್ಣೋ ಗಂಡೋ ಎಂಬ ಒಳಗಿನ ಅರಿವು. ಮೂರನೆಯದು, ಮನಸ್ಸು ಯಾರ ಕಡೆಗೆ ಒಲಿಯುತ್ತದೆ ಎಂಬುದು. ಬಹಳಷ್ಟು ಜನರಲ್ಲಿ ಈ ಮೂರೂ ರೂಢಿಯ ಸಾಲಿನಲ್ಲೇ ಬರುತ್ತವೆ. ಆದ್ದರಿಂದ ಇವು ಮೂರು ಬೇರೆ ಸಂಗತಿಗಳು ಎಂಬುದೇ ನಮಗೆ ಮರೆತುಹೋಗಿದೆ. ಕೆಲವರಲ್ಲಿ ಸಾಲು ಬೇರೆಯಾಗುತ್ತದೆ. ಅಷ್ಟೇ ವ್ಯತ್ಯಾಸ.

ಪಾಲಕರ ಪ್ರಶ್ನೆಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಇದು ರೋಗವಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ಸಲಿಂಗ ಪ್ರೇಮವನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿತು. ಹುಟ್ಟಿನ ಲಿಂಗಕ್ಕೂ ಒಳಗಿನ ಅರಿವಿಗೂ ಹೊಂದಿಕೆಯಾಗದ ಸ್ಥಿತಿಯನ್ನು, 2019ರಲ್ಲಿ ಅಂಗೀಕರಿಸಿದ ಹೊಸ ಪಟ್ಟಿಯಲ್ಲಿ, ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗೆ ತೆಗೆಯಿತು. ಇಂಥವರನ್ನು "ಸರಿಮಾಡುತ್ತೇವೆ" ಎಂದು ಚಿಕಿತ್ಸೆ ಕೊಡುವುದು ವೈದ್ಯರ ವೃತ್ತಿ ದುರ್ನಡತೆ ಎಂದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಇನ್ನು ಕಥೆ ಬರೆದವನು ತಾನೂ ಹಾಗೇ ಇರಬೇಕೆಂದೇನಿಲ್ಲ. ಕೊಲೆಯ ಕಥೆ ಬರೆದವರೆಲ್ಲ ಕೊಲೆಗಾರರೇ? ಒಂದು ವೇಳೆ ಹಾಗಿದ್ದರೂ, ಅವನು ನಿಮ್ಮ ಮಗನೇ. ನಿನ್ನೆ ಇದ್ದವನೇ ಇಂದೂ ಇದ್ದಾನೆ.

ಇಂಥ ವಿಷಯ ನಮ್ಮ ಭಾಷೆಗೆ ಹೊಸದೇ? ಅಫಜಲಪುರ-ಅಕ್ಕಲಕೋಟೆ ಸೀಮೆಯ ಕರಜಗಿಯವನೆಂದು ಹೇಳುವ ಗಜೇಶ ಮಸಣಯ್ಯ ಹನ್ನೆರಡನೆಯ ಶತಮಾನದ ಶರಣ. "ಮಹಾಲಿಂಗ ಗಜೇಶ್ವರ" ಅವನ ಅಂಕಿತ. ಅವನ ವಚನಗಳಲ್ಲಿ ಮಾತಾಡುವವಳು ಒಬ್ಬ ಹೆಣ್ಣು. ಲಿಂಗವೇ ಆಕೆಯ ಗಂಡ. ಗೆಳತಿಯ ಮುಂದೆ ಗಂಡನ ಮಾತು ಆಡುವ ಸಲಿಗೆ, ವಿರಹ, ಮುನಿಸು ಎಲ್ಲವೂ ಅಲ್ಲಿವೆ. ಹಾಗೆಂದು ಇದನ್ನು ಇಂದಿನ ಅರ್ಥದ ಸಲಿಂಗ ಪ್ರೇಮವೆಂದರೆ ಅದೂ ತಪ್ಪು ಚೀಟಿಯೇ. ಅದು ಭಕ್ತಿಯ ದಾರಿ. ಆದರೆ ಗಂಡಸೊಬ್ಬ ಹೆಣ್ಣಿನ ದನಿಯಲ್ಲಿ ಒಲವನ್ನು ನುಡಿದಾಗ ಕನ್ನಡವೇನೂ ಮೈಲಿಗೆಯಾಗಲಿಲ್ಲ ಎಂಬುದಂತೂ ಖರೆ.

ನಮ್ಮ ಸಣ್ಣಾಟ, ದೊಡ್ಡಾಟಗಳಲ್ಲಿ ಗಂಡಸರು ಹೆಣ್ಣಿನ ಪಾತ್ರ ಮಾಡಿದ್ದನ್ನು ಹಿರಿಯರು ಕಂಡಿದ್ದಾರೆ. ಬೆಳಗಾದ ಮೇಲೆ ಬಣ್ಣ ತೊಳೆದು ಹೊಲಕ್ಕೆ ಹೋದವನದು ಪಾತ್ರ. ಬೆಳಗಾದ ಮೇಲೂ ಬಳೆ ತೆಗೆಯಲು ಮನಸ್ಸಾಗದವರದು ಬದುಕು. ಎಲ್ಲಮ್ಮನ ಹೆಸರಿನಲ್ಲಿ ಹೆಣ್ಣಾಗಿ ಬಾಳುವ ಜೋಗಪ್ಪಂದಿರನ್ನು ನಮ್ಮ ಉತ್ತರ ಕರ್ನಾಟಕದವರಿಗೆ ಪರಿಚಯಿಸಬೇಕಿಲ್ಲ. ಆ ಪರಂಪರೆಯಿಂದ ಬಂದ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಅವರ ಆತ್ಮಕಥನದ ಹೆಸರು "ನಡುವೆ ಸುಳಿವ ಹೆಣ್ಣು". ತಮಿಳುನಾಡಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ದುಡಿದ ಎ. ರೇವತಿ ಅವರ ಆತ್ಮಕಥೆ ದು. ಸರಸ್ವತಿ ಅವರಿಂದ "ಬದುಕು ಬಯಲು" ಎಂದು ಕನ್ನಡಕ್ಕೆ ಬಂದಿದೆ. ಲಿವಿಂಗ್ ಸ್ಮೈಲ್ ವಿದ್ಯಾ ಅವರ ತಮಿಳು ಆತ್ಮಕಥೆಯನ್ನು ಆಧರಿಸಿ ಬಿ.ಎಸ್. ಲಿಂಗದೇವರು ನಿರ್ದೇಶಿಸಿದ "ನಾನು ಅವನಲ್ಲ... ಅವಳು" ಸಿನಿಮಾ 2015ರಲ್ಲಿ ತೆರೆಗೆ ಬಂತು. ಅದರ ನಟನೆಗೆ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರ ಪ್ರಶಸ್ತಿ ದೊರೆಯಿತು. ಆ ಹೆಸರನ್ನೇ ನೋಡಿ. ನಾನು ಹೇಳುತ್ತಿರುವ "ನು" ಮತ್ತು "ಳು" ವ್ಯಾಜ್ಯ ಪೂರಾ ಅದರಲ್ಲೇ ಇದೆ.

ಇನ್ನೊಂದು ಶೀಶೆ ಬೇರೆ. ಸಂಡೂರಿನವರಾದ ವಸುಧೇಂದ್ರ ಅವರ "ಮೋಹನಸ್ವಾಮಿ" 2013ರಲ್ಲಿ ಪ್ರಕಟವಾಯಿತು. 2016ರಲ್ಲಿ ಇಂಗ್ಲಿಷಿಗೂ ಹೋಯಿತು. ಮೋಹನಸ್ವಾಮಿ ಗಂಡಸಾಗಿಯೇ ಗಂಡಸನ್ನು ಪ್ರೀತಿಸುವವನು. ಈ ಪುಸ್ತಕಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದ ಕಾಲೇಜು ವಿದ್ಯಾರ್ಥಿಗೆ ಎರಡು ಬದುಕುಗಳ ವ್ಯತ್ಯಾಸವನ್ನು ಯಾವ ಮಾಸ್ತರನೂ ಹೇಳಿಕೊಡಬೇಕಾಗಿಲ್ಲ.

ಹೆಸರಿನಲ್ಲೇನಿದೆ ಎನ್ನುವವರಿಗೆ ನಮ್ಮ ಸೀಮೆಯ ಇತಿಹಾಸವನ್ನೇ ತೋರಿಸಬಹುದು. 1919ರಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನ ಒಂದು ಕಾನೂನು ಮಾಡಿತು. ಆಗ ನಮ್ಮ ಕಲಬುರಗಿಯೂ ಅದೇ ಸಂಸ್ಥಾನದಲ್ಲಿತ್ತು. ಹಿಜಡಾಗಳೆಂದು ಗುರುತಿಸಿದವರ ಹೆಸರುಗಳನ್ನು ಸರಕಾರಿ ದಾಖಲೆಯಲ್ಲಿ ಬರೆದಿಡಬೇಕು. ಅಂಥವರು ಹೆಣ್ಣುಡುಗೆಯಲ್ಲಿ ಬೀದಿಯಲ್ಲಿ ಕಂಡರೆ ವಾರಂಟಿಲ್ಲದೆ ಹಿಡಿಯಬಹುದು, ಎರಡು ವರ್ಷದವರೆಗೆ ಜೈಲಿಗೆ ಕಳಿಸಬಹುದು ಎಂದು ಅದರಲ್ಲಿತ್ತು. ಬೇರೊಬ್ಬರು ಅಂಟಿಸಿದ ಚೀಟಿಯೇ ಅಪರಾಧ! ನಿಜಾಮರು ಹೋದರು, ಸಂಸ್ಥಾನ ಹೋಯಿತು, 1956ರಲ್ಲಿ ನಾವು ಕನ್ನಡ ನಾಡಿಗೆ ಸೇರಿದೆವು. ಆ ಕಾನೂನು ಮಾತ್ರ ತೆಲಂಗಾಣದ ಪುಸ್ತಕದಲ್ಲಿ ಉಳಿದೇ ಇತ್ತು. ಅದು ಸಂವಿಧಾನಕ್ಕೆ ವಿರುದ್ಧವೆಂದು ಅಲ್ಲಿನ ಹೈಕೋರ್ಟ್ ರದ್ದುಗೊಳಿಸಿದ್ದು 2023ರ ಜುಲೈನಲ್ಲಿ. ನೂರಾ ನಾಲ್ಕು ವರ್ಷ!

ಮಧ್ಯದಲ್ಲಿ ಬೇರೆ ತೀರ್ಪುಗಳೂ ಬಂದವು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್, ತಾನು ಗಂಡೋ ಹೆಣ್ಣೋ ತೃತೀಯ ಲಿಂಗವೋ ಎಂದು ಹೇಳಿಕೊಳ್ಳುವುದು ಆಯಾ ವ್ಯಕ್ತಿಯ ಹಕ್ಕು ಎಂದಿತು. 2018ರ ಸೆಪ್ಟೆಂಬರ್ 6ರಂದು, ವಯಸ್ಕರಿಬ್ಬರ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. 2023ರ ಅಕ್ಟೋಬರ್ 17ರ ತೀರ್ಪು ನಮ್ಮ ಹುಡುಗನ ಕಥೆಗೇ ಸಂಬಂಧಿಸಿದ್ದು. ಸಲಿಂಗ ಮದುವೆಯನ್ನು ಕಾನೂನುಬದ್ಧಗೊಳಿಸಲು ಕೋರ್ಟ್ ಒಪ್ಪಲಿಲ್ಲ. ಆದರೆ ಅದೇ ತೀರ್ಪಿನಲ್ಲಿ, ಗಂಡು-ಹೆಣ್ಣಿನ ಸಂಬಂಧದಲ್ಲಿರುವ ಲಿಂಗ ಪರಿವರ್ತಿತರು ಈಗಿರುವ ಕಾನೂನುಗಳಡಿಯಲ್ಲೇ ಮದುವೆಯಾಗಬಹುದು ಎಂದಿತು.

ಅರ್ಥವಾಯಿತೇ? ತಲೆಬರಹದಲ್ಲಿ "ಇಬ್ಬರು ಗಂಡಸರು" ಎಂದು ಬರೆದ ಕೂಡಲೇ ನಮ್ಮ ಹುಡುಗ ತನ್ನ ನಾಯಕಿಯ ಮದುವೆಯ ದಾರಿಯನ್ನೇ ಮುಚ್ಚಿಬಿಟ್ಟಿದ್ದ. ಅವಳನ್ನು ಒಂದು ಮಾತು ಕೇಳದೆ!

ಹುಡುಗನನ್ನು ಕರೆಸಿ ಇದನ್ನೆಲ್ಲ ಹೇಳುವಾಗ ನನ್ನ ಮನಸ್ಸಿನಲ್ಲಿ ಇನ್ನೊಂದು ನೋಟ್‌ಬುಕ್ಕಿತ್ತು. ಅದನ್ನೂ ನಿಮ್ಮ ಮುಂದೆ ಹೇಳಬೇಕು.

ಸುಮಾರು ಇಪ್ಪತ್ತೈದು ವರ್ಷದ ಹಿಂದಿನ ಮಾತು. ಆಳಂದ ತಾಲ್ಲೂಕಿನ ಒಂದು ಶಾಲೆಯಲ್ಲಿ ನಾನು ಹೊಸ ಮಾಸ್ತರ. ಗೋಡೆ ಪತ್ರಿಕೆಯ ಜವಾಬ್ದಾರಿ ನನ್ನದು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕಥೆ ತಂದುಕೊಟ್ಟ. ಸಣ್ಣಾಟದಲ್ಲಿ ಹೆಣ್ಣಿನ ಪಾತ್ರ ಮಾಡಿದವನೊಬ್ಬ ಆಟ ಮುಗಿದ ಮೇಲೂ ಬಳೆ ತೆಗೆಯುವುದಿಲ್ಲ ಎಂಬಲ್ಲಿಗೆ ಮೊದಲ ಪುಟ ಮುಗಿದಿತ್ತು. ಎರಡನೆಯ ಪುಟ ನಾನು ತಿರುವಲೇ ಇಲ್ಲ. ಕೆಂಪು ಮಸಿಯಲ್ಲಿ "ಇಂಥ ವಿಷಯ ಬೇಡ. ಸೌರಮಂಡಲದ ಬಗ್ಗೆ ಬರೆ" ಎಂದು ಗೀಚಿ ವಾಪಸು ಕೊಟ್ಟೆ. ತರಗತಿಯಲ್ಲಿ ಯಾರೋ ಅದನ್ನು ಕಸಿದು ಓದಿ ನಕ್ಕರು. ನಾನೂ ಸಣ್ಣಗೆ ನಕ್ಕಿದ್ದೆ. ದಸರಾ ರಜೆಯ ನಂತರ ಆ ಹುಡುಗ ಶಾಲೆಗೆ ಬರಲಿಲ್ಲ.

ಹತ್ತು-ಹನ್ನೆರಡು ವರ್ಷಗಳ ನಂತರ ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ತರಕಾರಿ ಕೊಳ್ಳುತ್ತಿದ್ದೆ. ಸೀರೆ ಉಟ್ಟಿದ್ದ ಒಬ್ಬರು ಬಂದು "ನಮಸ್ಕಾರರಿ ಸರ" ಎಂದರು. ಹಳೆಯ ಹೆಸರು ಹೇಳಿದರು; ಆಮೇಲೆ ಈಗಿನ ಹೆಸರು. ಖಾನಾವಳಿಯೊಂದರಲ್ಲಿ ಅಡುಗೆ ಕೆಲಸವಂತೆ. ನನ್ನ ಮೇಲೆ ಸಿಟ್ಟಿನ ಒಂದು ಮಾತೂ ಆಡಲಿಲ್ಲ. ಹೊರಡುವಾಗ ಮಾತ್ರ ಕೇಳಿದರು: "ಸರ, ಆ ಕಥಿ ನೀವು ಪೂರಾ ಓದಿದ್ರೇನ್ರಿ? ಕಡೀಗೆ ಅವ್ವ ಬಂದು ಬಳಿ ಇಡಸ್ತಾಳ. ನಾ ಹಂಗ ಬರದಿದ್ದೆ."

ನಾನು ಉತ್ತರ ಕೊಡಲಿಲ್ಲ. ಕೊಡಲು ಇರಲಿಲ್ಲ.

ಅಂದು ನಾನು ಮಾಡಿದ್ದು ವಿಜ್ಞಾನಕ್ಕೆ ಮಾಡಿದ ದ್ರೋಹ. ಪರೀಕ್ಷೆಗೆ ಮೊದಲೇ ಚೀಟಿ ಅಂಟಿಸಿದ್ದೆ. ಜೇವರ್ಗಿಯ ಆ ತಂದೆ ನಾಲ್ಕು ಸಾಲು ಓದಿ ಮುಚ್ಚಿದರು ಎಂದು ನಾನು ಯಾವ ಬಾಯಿಂದ ದೂರಲಿ? ಬಿಎಸ್‌ಸಿ, ಬಿಎಡ್ ಓದಿದ ನಾನು ಒಂದು ಪುಟಕ್ಕೇ ಮುಚ್ಚಿದ್ದೆ.

ಬರೆಯುವ ಹುಮ್ಮಸ್ಸಿರುವ ವಿದ್ಯಾರ್ಥಿಗಳಿಗೆ ನಾಲ್ಕು ಮಾತು. ನಿಮ್ಮ ಪಾತ್ರ ತನ್ನನ್ನು ಏನೆಂದು ಕರೆದುಕೊಳ್ಳುತ್ತದೋ ಹಾಗೆಯೇ ಬರೆಯಿರಿ. ಊರವರು ಬೇರೆ ಕರೆದರೆ ಅದನ್ನು ಊರವರ ಬಾಯಲ್ಲಿಡಿ, ನಿಮ್ಮ ವಾಕ್ಯದಲ್ಲಲ್ಲ. ತೀರ್ಮಾನ ತಿಳಿಯದಿದ್ದಾಗ ನಮ್ಮ ಕನ್ನಡದಲ್ಲಿ "ಅವರು ಬಂದರು" ಎಂಬ ಮರ್ಯಾದೆಯ ದಾರಿ ಇದ್ದೇ ಇದೆ. ಎರಡನೆಯದು, ನಗಿಸಲಿಕ್ಕೆ ಅವರನ್ನು ತರಬೇಡಿ, ದೇವತೆಯನ್ನಾಗಿಯೂ ಮಾಡಬೇಡಿ. ಪ್ರೀತಿಯಲ್ಲಿ ಬಿದ್ದವರು ಗ್ಯಾಸ್ ಸಿಲಿಂಡರಿನ ಚಿಂತೆಯನ್ನೂ ಮಾಡುತ್ತಾರೆ, ರೇಷನ್ ಕಾರ್ಡಿನಲ್ಲಿ ಯಾವ ಹೆಸರಿದೆ ಎಂಬುದಕ್ಕೂ ಅಳುತ್ತಾರೆ. ಮೂರನೆಯದು ಬಹಳ ಮುಖ್ಯ. ಯಾರದೋ ಗುಟ್ಟು ನಿಮಗೆ ತಿಳಿದಿದ್ದರೆ ಅದು ನಿಮ್ಮ ಕಥೆಯ ಸಾಮಗ್ರಿಯಲ್ಲ. ನಮ್ಮಂಥ ಸಣ್ಣ ಊರುಗಳಲ್ಲಿ ಹೆಸರು ಬದಲಿಸಿದರೂ ಓಣಿ ಗುರುತಿಸುತ್ತದೆ. ನಿಮ್ಮ ಕಥೆಯಿಂದ ಒಬ್ಬರ ಬಾಡಿಗೆ ಮನೆ ಹೋದರೆ ಯಾವ ಬಹುಮಾನವೂ ಅದನ್ನು ತುಂಬಿಕೊಡದು.

ನಾಲ್ಕನೆಯದು ಕೊನೆಯ ಪುಟದ ಮಾತು. ಹುಡುಗನ ಕಥೆಯಲ್ಲಿ ಡ್ರೈವರ್ ಭೀಮಾ ಸೇತುವೆಯ ಬಳಿ ಅಪಘಾತದಲ್ಲಿ ಸಾಯುತ್ತಾನೆ.

"ಯಾಕಪ್ಪಾ ಕೊಂದಿ ಅವನ್ನ?" ಎಂದೆ.

ಹುಡುಗ ಬಹಳ ಹೊತ್ತು ಸುಮ್ಮನಿದ್ದ. "ಮತ್ತೇನು ಮಾಡ್ಲಿ ಸರ? ಅವರಿಬ್ಬರೂ ಈ ಊರಾಗ ಹ್ಯಾಂಗ ಬಾಳ್ವಿ ಮಾಡ್ತಾರ ಅಂತ ನನಗ ತಿಳೀಲಿಲ್ಲ."

ಓದುಗರೇ, ಅವನ ಸೋಲು ಅವನೊಬ್ಬನದಲ್ಲ. ಅಂಥ ಇಬ್ಬರು ಆಳಂದದಲ್ಲೋ ಅಫಜಲಪುರದಲ್ಲೋ ಮನೆ ಹಿಡಿದು, ಸಂತೆ ಮಾಡಿ, ಮುದುಕರಾಗುವುದನ್ನು ಅವನ ಕಣ್ಣಿಗೆ ನಾವು ಕಾಣಿಸಲೇ ಇಲ್ಲ. ಕಂಡಿಲ್ಲದ್ದನ್ನು ಊಹಿಸಲು ಅವನಿಗೆ ಧೈರ್ಯ ಬರಲಿಲ್ಲ, ಸಾವು ಸುಲಭವಾಯಿತು. "ಕೊಲ್ಲುವುದರಿಂದ ನಿನ್ನ ತೊಂದರೆ ಮುಗಿಯಿತು, ಅವರದಲ್ಲ. ಬದುಕಿಸಿ ಬರೆ. ಆಗ ಕಥೆ ಶುರುವಾಗುತ್ತದೆ" ಎಂದು ಹೇಳಿ ಕಳಿಸಿದೆ.

ತಂದೆಗೆ ನೋಟ್‌ಬುಕ್ ಮರಳಿಸುವಾಗ ಒಂದೇ ಮಾತು ಕೇಳಿಕೊಂಡೆ. "ಇದನ್ನ ಸುಡಬ್ಯಾಡ್ರಿ. ಪೂರಾ ಓದಿ, ಆಮ್ಯಾಲ ಏನು ಬೇಕಾದ್ರೂ ಅನ್ರಿ."

ಮೊನ್ನೆ ಹುಡುಗ ಫೋನ್ ಮಾಡಿದ್ದ. ತಲೆಬರಹ ಹೊಡೆದುಹಾಕಿದ್ದಾನಂತೆ, ಹೊಸದು ಇನ್ನೂ ಹೊಳೆದಿಲ್ಲ. ಡ್ರೈವರ್ ಬದುಕಿದ್ದಾನೆ. ಇಬ್ಬರೂ ಆಳಂದದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದಾರೆ. ತಂದೆ ಪೂರ್ತಿ ಓದಿದರಂತೆ. ಮೆಚ್ಚಲಿಲ್ಲ. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತಾಗ, ತಟ್ಟೆಯಿಂದ ತಲೆ ಎತ್ತದೆ, ಇಷ್ಟು ಹೇಳಿದರಂತೆ:

"ಆಳಂದದಾಗ ಎರಡು ಖೋಲಿಗೆ ಅಷ್ಟು ಅಡ್ವಾನ್ಸ್ ಯಾರೂ ಕೇಳಂಗಿಲ್ಲ. ಅದೊಂದು ತಿದ್ದು."